ತುಂಡಿನಿಂದ ತೊಂಡೆಬಳ್ಳಿ

ಆಂಗ್ಲ ಪಾಠಗಳಲ್ಲಿ ‘ಐವಿ’ ಎಂಬ ಬಳ್ಳಿಯ ಹೆಸರು ಬಂದಾಗಲೆಲ್ಲ ಅದು ಎಂಥದೆಂದು ವಿದ್ಯಾರ್ಥಿಗಳು ಕೇಳುವುದುಂಟು. ತಂಪುದೇಶಗಳ ಹಳೆಯ ಗೋಡೆಗಳನ್ನು ಹಬ್ಬುವ ಆ ಬಳ್ಳಿ ಸಿಂಧನೂರಿನ ಬಿಸಿಲಿಗೆ ಬಾಳುವಂಥದಲ್ಲ. ಆದರೆ ಆಂಗ್ಲರು ಅದರ ಹೆಸರನ್ನೇ ಸೇರಿಸಿ ಕರೆದ ಇನ್ನೊಂದು ಬಳ್ಳಿ ನಮ್ಮ ಹಿತ್ತಿಲುಗಳಲ್ಲಿಯೇ ಇದೆ. ಅದು ತೊಂಡೆ; ಅವರ ಮಾತಿನಲ್ಲಿ ‘ಐವಿ ಗೋರ್ಡ್’. ಎಲೆಯ ಹೋಲಿಕೆಯ ಹೊರತು ಇವೆರಡಕ್ಕೂ ಬಂಧುತ್ವವಿಲ್ಲ; ತೊಂಡೆಯು ಹೀರೆ, ಸೌತೆಗಳ ಕುಲಕ್ಕೆ ಸೇರಿದುದು. ಆದರೂ ಎರಡನ್ನೂ ಕಾಂಡದ ತುಂಡಿನಿಂದ ಬೆಳೆಸಬಹುದು.

ಬೀಜವಿರುವಾಗ ತುಂಡೇಕೆ? ಇದನ್ನು ನಾನು ನಷ್ಟಪಟ್ಟು ಕಲಿತೆನು. ಒಮ್ಮೆ ಮಾಗಿದ ತೊಂಡೆಹಣ್ಣಿನ ಬೀಜವನ್ನು ಬಿತ್ತಿ, ಬೇಸಿಗೆಯಲ್ಲಿ ಕುಡಿಯುವ ಕೊಡದ ನೀರಿನಲ್ಲಿಯೇ ಪಾಲು ಕೊಟ್ಟು ಬಳ್ಳಿಯನ್ನು ಉಳಿಸಿದೆನು. ಚಪ್ಪರದ ತುಂಬ ಬಿಳಿಯ ಹೂ ಬಂದಿತು. ಕಾಯಿ ಮಾತ್ರ ಒಂದೂ ಇಲ್ಲ. ಅದು ಗಂಡುಬಳ್ಳಿಯಾಗಿತ್ತು! ತೊಂಡೆಯಲ್ಲಿ ಗಂಡು ಹೆಣ್ಣುಗಳು ಬೇರೆ ಬೇರೆ ಬಳ್ಳಿಗಳು. ಮನುಷ್ಯರಲ್ಲಿರುವಂತೆ ಎಕ್ಸ್ ಮತ್ತು ವೈ ವರ್ಣತಂತುಗಳೇ ಇದನ್ನು ನಿರ್ಧರಿಸುತ್ತವೆ. ಬೀಜದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುವುವು. ಹೂ ಬಿಡುವವರೆಗೆ ಗುರುತು ಸಿಗದು. ದಳಗಳ ಕೆಳಗೆ ಪುಟ್ಟ ಕಾಯಿಯಂತಹ ಉಬ್ಬಿದ್ದರೆ ಅದು ಹೆಣ್ಣು. ಅಂಥ ಬಳ್ಳಿಯ ತುಂಡನ್ನು ನೆಟ್ಟರೆ ಬೆಳೆಯುವುದೂ ಹೆಣ್ಣೇ. ದೊಡ್ಡ ತೋಟಗಳಲ್ಲಿ ಪರಾಗಕ್ಕಾಗಿ ಹತ್ತು ಹೆಣ್ಣುಬಳ್ಳಿಗಳಿಗೆ ಒಂದು ಗಂಡನ್ನು ಇಡುವುದುಂಟು.

ಎಳೆಯ ಕುಡಿ ಬಾಡಿಹೋಗುವುದು. ಆದುದರಿಂದ ಪೆನ್ಸಿಲಿನಷ್ಟು ದಪ್ಪನಾದ, ಬಲಿತ ಕಾಂಡವನ್ನು ಆರಿಸಿ, ಮೂರು ನಾಲ್ಕು ಗೆಣ್ಣುಗಳಿರುವಂತೆ 15ರಿಂದ 20 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಬೇಕು. ಚಿಗುರಿನಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಚೋದಕವು ಕೆಳಮುಖವಾಗಿ ಸಾಗಿ, ಕತ್ತರಿಸಿದ ತುದಿಯಲ್ಲಿ ಶೇಖರವಾಗಿ, ಅಲ್ಲಿಯ ಜೀವಕೋಶಗಳನ್ನು ಬೇರಾಗುವಂತೆ ಪ್ರೇರಿಸುತ್ತದೆ. ತುಂಡನ್ನು ತಲೆಕೆಳಗಾಗಿ ನೆಡಬಾರದೆಂಬುದು ಇದಕ್ಕಾಗಿಯೇ. ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿದರೆ ಗೊಂದಲವಿರದು. ಎಲೆಗಳನ್ನು ತೆಗೆದುಬಿಡಬೇಕು, ಬೇರಿಲ್ಲದ ತುಂಡು ಎಲೆಗಳಿಗೆ ನೀರು ಒದಗಿಸಲಾರದು.

ಮಣ್ಣಿನ ವಿಚಾರ ನಮ್ಮ ಸೀಮೆಯಲ್ಲಿ ಮುಖ್ಯವಾದುದು. ಸಿಂಧನೂರಿನ ಕಾಲುವೆಬಯಲಿನ ಎರೆಮಣ್ಣು ನೀರನ್ನು ಹಿಡಿದಿಟ್ಟರೆ ತುಂಡು ಕೊಳೆಯುತ್ತದೆ. ಒಣಗಿದರೆ ಬಿರಿದು ಎಳೆಬೇರನ್ನು ಹರಿಯುತ್ತದೆ. ಹಳ್ಳದ ಮರಳನ್ನೂ ಹಳೆಯ ತಿಪ್ಪೆಗೊಬ್ಬರವನ್ನೂ ಬೆರೆಸಿದಲ್ಲದೆ ಅದರಲ್ಲಿ ನೆಡಲಾಗದು. ಲಿಂಗಸುಗೂರು, ಮಸ್ಕಿಗಳ ಗುಡ್ಡದಂಚಿನ ಮಸಾರಿ ಮಣ್ಣು ಇದಕ್ಕೆ ಲೇಸು. ಎರಡು ಗೆಣ್ಣು ಮಣ್ಣೊಳಗಿರುವಂತೆ ಊರಿ, ನೆರಳಿನಲ್ಲಿಟ್ಟು ಹದವಾಗಿ ನೀರುಣಿಸಬೇಕು. ಮುಂಗಾರು ಹಿಡಿದ ಮೇಲೆ, ಜೂನ್ ಜುಲೈಗಳಲ್ಲಿ, ಈ ಕೆಲಸ ಸುಲಭ.

ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಹೆಸರು ಕಾಣಿಸಿಕೊಂಡ ಅಶೋಕನು, ತನ್ನ ಬೇರೊಂದು ಶಾಸನದಲ್ಲಿ ಔಷಧಿ ಸಸ್ಯಗಳನ್ನೂ ಬೇರು ಹಣ್ಣುಗಳನ್ನೂ ಅವು ಇಲ್ಲದೆಡೆಗೆ ತರಿಸಿ ನೆಡಿಸಿದುದಾಗಿ ಹೇಳಿದ್ದಾನೆ. ಆ ಕಾಲದಲ್ಲಿ ಅವನ್ನು ಹೇಗೆ ಸಾಗಿಸಿದರೋ! ನಾವಂತೂ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ದರೆ ಸಾಕು.

ಚಿಗುರೊಡೆದ ಮಾತ್ರಕ್ಕೆ ಬೇರು ಬಂದಿತೆಂದು ಹಿಗ್ಗಬಾರದು. ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೇ ಮೊದಲ ಎಲೆ ಹೊರಡಬಹುದು. ಮಕ್ಕಳು ದಿನವೂ ಕಿತ್ತು ನೋಡುತ್ತಾರೆ. ಕೂದಲೆಳೆಯಂತಹ ಬೇರು ಆಗಲೇ ಮುರಿಯುವುದು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಎಲೆಗಳಲ್ಲಿ ಹಳದಿ ಮಚ್ಚೆಯೂ ಸುಕ್ಕೂ ಇರುವ ಬಳ್ಳಿಯಿಂದ ತುಂಡು ತೆಗೆಯಬಾರದು. ಗುಣ ಬರುವಂತೆಯೇ ನಂಜುರೋಗವೂ ತುಂಡಿನೊಡನೆ ಬರುತ್ತದೆ.

ಚಪ್ಪರವನ್ನು ಸವರಿದಾಗ ಉಳಿದ ಕಾಂಡಗಳನ್ನು ಎಸೆಯದೆ ನೆರೆಹೊರೆಗೆ ಕೊಡುವುದು ಒಳ್ಳೆಯದು. ಒಂದು ಬೇಸಿಗೆ ನಮ್ಮ ಹೆಣ್ಣುಬಳ್ಳಿ ಬೇರುಸಹಿತ ಒಣಗಿತು. ಹಿಂದಿನ ವರ್ಷ ಪಕ್ಕದ ಮನೆಯ ಅಜ್ಜಿಗೆ ಕೊಟ್ಟಿದ್ದ ತುಂಡು ಆಕೆಯ ಬಚ್ಚಲ ನೀರಿನಲ್ಲಿ ಹಬ್ಬಿ ನಿಂತಿತ್ತು. ಮಳೆಗಾಲಕ್ಕೆ ಅದರಿಂದಲೇ ಎರಡು ತುಂಡು ತಂದು ನೆಟ್ಟೆವು.