ಮದ್ದಿನ ನೋವು ಮತ್ತು ಮನೆಯವರ ಧೈರ್ಯ

ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಕಡೆಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಕಾಡು, ತೋಟ, ಗದ್ದೆ, ಕೊಟ್ಟಿಗೆ ಎಂಬ ಭೇದವೇ ಇಲ್ಲ. ಬೆಳಿಗ್ಗೆ ಕಾಫಿ ತೋಟದಲ್ಲಿದ್ದವರು ಮಧ್ಯಾಹ್ನ ಗದ್ದೆಯ ಕೆಸರಿನಲ್ಲಿರುತ್ತಾರೆ. ಸಂಜೆ ದನಗಳ ಮೈಯಿಂದ ಉಣ್ಣೆ ಕೀಳುತ್ತಿರುತ್ತಾರೆ. ಮಳೆಗಾಲದ ಜಿಗಣೆಗೆ ಹೆದರದ ಕೊಡಗಿನ ಜನ ಉಣ್ಣೆಗೆ ಹೆದರುವರೇ? ಕಡಿದರೆ ಕಿತ್ತೆಸೆದು ಮುಂದಿನ ಕೆಲಸಕ್ಕೆ ನಡೆಯುವುದು ವಾಡಿಕೆ. ಆದರೆ ಕಳೆದ ವರ್ಷ ನಡೆದ ಒಂದು ಪ್ರಸಂಗವು ಈ ವಿಷಯವಾಗಿ ನಾಲ್ಕು ಮಾತು ಬರೆಯುವಂತೆ ನಮ್ಮನ್ನು ಒತ್ತಾಯಿಸಿದೆ.

ನಾಗರಹೊಳೆಯ ಅಂಚಿನಲ್ಲಿ ತೋಟ ನೋಡಿಕೊಳ್ಳುವ ನಮ್ಮ ಪರಿಚಿತರೊಬ್ಬರ ತೊಡೆಯ ಮೇಲೆ ಕೆಂಪನೆಯ ಉಂಗುರದಂತಹ ಕಲೆ ಮೂಡಿ ದಿನದಿಂದ ದಿನಕ್ಕೆ ಅಗಲವಾಯಿತು. ಹುಳುಕಡ್ಡಿಯೆಂದು ಭಾವಿಸಿ ಮುಲಾಮು ಹಚ್ಚಿ ಸುಮ್ಮನಾದರು. ಕೆಲವು ವಾರಗಳಲ್ಲಿ ತಲೆನೋವು, ಕತ್ತಿನ ಬಿಗಿತಗಳು ಕಾಣಿಸಿಕೊಂಡವು. ಒಂದು ಮುಂಜಾನೆ ಮುಖದ ಒಂದು ಪಾರ್ಶ್ವ ಜೋಲು ಬಿದ್ದಿತು. ಮೈಸೂರಿನ ವೈದ್ಯರು ರಕ್ತವನ್ನೂ ಬೆನ್ನುಹುರಿಯ ನೀರನ್ನೂ ಪರೀಕ್ಷಿಸಿ, ಇದು ಉಣ್ಣೆಯ ಕಡಿತದಿಂದ ಬರುವ ಲೈಮ್ ರೋಗವೆಂದು ನಿರ್ಣಯಿಸಿದರು. ಸೆಫ್ಟ್ರಿಯಾಕ್ಸೋನ್ ಎಂಬ ಜೀವಿರೋಧಕವನ್ನು ದಿನಕ್ಕೆ 2 ಗ್ರಾಂನಂತೆ 21 ದಿನ ರಕ್ತನಾಳದ ಮೂಲಕ ಕೊಡಬೇಕೆಂದು ತಿಳಿಸಿದರು.

ಮೊದಲ ಮದ್ದು ಮೈ ಸೇರಿದ ರಾತ್ರಿಯೇ ರೋಗಿಗೆ ಹಲ್ಲು ಕಟಕಟಿಸುವ ಚಳಿ, ಉರಿಯುವ ಜ್ವರ, ಕೀಲುಕೀಲಿನಲ್ಲಿ ನೋವು. ಅವರ ಪತ್ನಿ ನಮಗೆ ದೂರವಾಣಿ ಮಾಡಿ, "ಶಾಸ್ತ್ರಿಗಳೇ, ಮದ್ದೇ ವಿಷವಾಯಿತು. ಬೆಳಗಾಗುತ್ತಲೇ ಮನೆಗೆ ಕರೆದುಕೊಂಡು ಹೋಗಿಬಿಡಲೇ?" ಎಂದು ಕೇಳಿದರು.

ನಮಗೆ ತಟ್ಟನೆ ಉತ್ತರ ಹೊರಡಲಿಲ್ಲ. ಅದಕ್ಕೆ ಕಾರಣವಿದೆ, ಸಂಕೋಚವಾದರೂ ಹೇಳಲೇಬೇಕು.

1993ರ ಸುಮಾರಿನಲ್ಲಿ ನಮ್ಮೂರಿನ ಹತ್ತು ವರ್ಷದ ಬಾಲಕಿಯೊಬ್ಬಳಿಗೆ ಗಂಟಲು ನೋವಿನ ಬೆನ್ನಿಗೆ ಕೀಲುಗಳು ಊದಿಕೊಳ್ಳುವ ರುಮ್ಯಾಟಿಕ್ ಜ್ವರ ಬಂದಿತ್ತು. ಈ ಜ್ವರ ಮತ್ತೆ ಮತ್ತೆ ಬಂದರೆ ಹೃದಯದ ಕವಾಟಗಳನ್ನೇ ಕೆಡಿಸುತ್ತದೆ. ಅದು ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತಿದ್ದರು. ಅದು ಗಂಜಿಯಂತೆ ಮಂದವಾದ ಮದ್ದು. ದಪ್ಪ ಸೂಜಿಯಿಂದ ಮಾಂಸದ ಆಳಕ್ಕೆ ಇಳಿಸಬೇಕು. ಮಗು ಎರಡು ದಿನ ಕುಂಟುತ್ತಿತ್ತು. ತಾಯಿ ಕಣ್ಣೀರಿಡುತ್ತಾ ನಮ್ಮ ಬಳಿಗೆ ಬಂದಾಗ, "ಮಗು ಇಷ್ಟು ಸಂಕಟಪಡುವುದಾದರೆ ಕೆಲವು ಕಾಲ ಬಿಟ್ಟು ನೋಡಿ" ಎಂದುಬಿಟ್ಟೆವು. ಕರುಣೆಯಿಂದಲೇ ಆಡಿದ ಮಾತು. ಆದರೆ ತಿಳಿವಿಲ್ಲದ ಕರುಣೆ. ಕೆಲವು ತಿಂಗಳಲ್ಲಿ ಜ್ವರ ಮರುಕಳಿಸಿತು. ಮುಂದೆ ಆಕೆಯ ಹೃದಯದ ಕವಾಟ ಕಿರಿದಾಗಿ, ಬಲೂನಿನ ವಿಧಾನದಿಂದ ಅಗಲಿಸಬೇಕಾಯಿತು. ವೈದ್ಯರ ಹತ್ತಿರ ಕೇಳಬೇಕಾಗಿದ್ದ ಪ್ರಶ್ನೆಗೆ ನಾವು ಉತ್ತರ ಕೊಟ್ಟೆವಲ್ಲ ಎಂಬ ಕೊರಗು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಆದುದರಿಂದ ಈ ಸಲ, "ತಾಯಿ, ಮನೆಗೆ ಹೊರಡುವ ಮಾತು ಬೇಡ. ಈಗಲೇ ದಾದಿಯನ್ನು ಕರೆಯಿರಿ, ಹೀಗೇಕೆ ಆಯಿತೆಂದು ವೈದ್ಯರನ್ನು ಕೇಳಿರಿ" ಎಂದೆವು. ಮರುದಿನ ನಾವೂ ಆಸ್ಪತ್ರೆಗೆ ಹೋಗಿ ವೈದ್ಯರ ವಿವರಣೆಯನ್ನು ಕೇಳಿದೆವು.

ಲೈಮ್ ಎಂಬುದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಊರು. 1975ರ ಸುಮಾರಿನಲ್ಲಿ ಅಲ್ಲಿನ ಅನೇಕ ಮಕ್ಕಳಿಗೆ ಕೀಲೂತ ಬಂದುದರಿಂದ ರೋಗಕ್ಕೆ ಆ ಹೆಸರು ನಿಂತಿತು. ಉಣ್ಣೆಯೊಳಗಿನ ಸುರುಳಿಯಾಕಾರದ ರೋಗಾಣುವನ್ನು ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಗುರುತಿಸಿ, 1982ರಲ್ಲಿ ಜಗತ್ತಿಗೆ ತಿಳಿಸಿದರು. ನಮ್ಮ ನಾಗರಹೊಳೆ, ಬಂಡೀಪುರಗಳ ಅರಣ್ಯ ಪ್ರದೇಶದ ಜನರ ರಕ್ತಪರೀಕ್ಷೆಯ ವರದಿಯೊಂದು 2020ರಲ್ಲಿ ಪ್ರಕಟವಾಯಿತು. ಸುಮಾರು ಐವರಲ್ಲಿ ಒಬ್ಬರ ರಕ್ತದಲ್ಲಿ ಈ ರೋಗಾಣುವಿನ ವಿರುದ್ಧದ ಪ್ರತಿಕಾಯಗಳು ಕಂಡುಬಂದವು. ಪ್ರತಿಕಾಯವಿದ್ದ ಮಾತ್ರಕ್ಕೆ ಎಲ್ಲರೂ ರೋಗಿಗಳೆಂದು ಅರ್ಥವಲ್ಲ. ಆದರೆ ಇದು ನಮಗೆ ಸಂಬಂಧಿಸದ ಪರದೇಶದ ಕಾಯಿಲೆ ಎನ್ನುವಂತೆಯೂ ಇಲ್ಲ.

ಇನ್ನು ಆ ರಾತ್ರಿಯ ನಡುಕದ ಕಾರಣ. ಮದ್ದಿನ ಏಟಿಗೆ ಸುರುಳಿ ರೋಗಾಣುಗಳು ಒಮ್ಮೆಲೇ ಒಡೆದು ಸಾಯುವಾಗ ಅವುಗಳ ಅಂಶಗಳು ರಕ್ತದಲ್ಲಿ ಬೆರೆಯುತ್ತವೆ. ದೇಹವು ಅದಕ್ಕೆ ಕೆರಳುತ್ತದೆ. ಇದನ್ನು ಯಾರಿಷ್ ಎಂಬ ವೈದ್ಯರು 1895ರಲ್ಲಿಯೂ ಹರ್ಕ್ಸ್‌ಹೈಮರ್ ಎಂಬುವರು 1902ರಲ್ಲಿಯೂ ವಿವರಿಸಿದರು. ಆಗ ಫಿರಂಗಿ ರೋಗಕ್ಕೆ ಪಾದರಸವೇ ಮದ್ದಾಗಿತ್ತು. ಮಳೆಗಾಲದಲ್ಲಿ ಗದ್ದೆಯ ಕೆಸರಿನಿಂದ ತಗಲುವ ಇಲಿಜ್ವರದ ಚಿಕಿತ್ಸೆಯಲ್ಲಿಯೂ ಇದು ಕಾಣಿಸಬಹುದು. ಸಾಮಾನ್ಯವಾಗಿ ಮೊದಲ ಮದ್ದಿನ ಕೆಲವು ಗಂಟೆಗಳಲ್ಲಿ ಆರಂಭವಾಗಿ ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಸಾಕಷ್ಟು ದ್ರವಾಹಾರ, ಹೊದಿಕೆ, ವಿಶ್ರಾಂತಿ, ದಾದಿಯರ ನಿಗಾ ಇವೇ ಉಪಚಾರ. ನಮ್ಮ ಪರಿಚಿತರೂ ಮರುದಿನ ಸಂಜೆಗೆ ಎದ್ದು ಕುಳಿತು ಗಂಜಿ ಕುಡಿದರು.

ಆದರೆ ಎಲ್ಲ ತೊಂದರೆಯನ್ನೂ ಇದೇ ಎಂದು ಭಾವಿಸಿ ಸುಮ್ಮನಿರಬಾರದು. ಮದ್ದು ಒಗ್ಗದೆ ಅಲರ್ಜಿಯಾದರೆ, ಅದು ಬಹುಮಟ್ಟಿಗೆ ನಿಮಿಷಗಳಲ್ಲಿಯೇ ತೋರುತ್ತದೆ. ಮೈತುಂಬ ದದ್ದು, ತುಟಿ ನಾಲಗೆಗಳ ಊತ, ಉಬ್ಬಸ, ಕಣ್ಣು ಕತ್ತಲೆ ಇವು ಪ್ರಾಣಾಪಾಯದ ಸೂಚನೆಗಳು. ಅಡ್ರಿನಲಿನ್ ಚುಚ್ಚುಮದ್ದು ತಕ್ಷಣ ಬೇಕು. ಆದ್ದರಿಂದಲೇ ಚುಚ್ಚುಮದ್ದು ಪಡೆದವರು ಅರ್ಧ ಗಂಟೆಯಾದರೂ ಆಸ್ಪತ್ರೆಯಲ್ಲಿ ಕುಳಿತಿರಬೇಕು. ಹಿಂದೆ ಎಂದಾದರೂ ಮದ್ದು ಒಗ್ಗದಿದ್ದರೆ ಮೊದಲೇ ಹೇಳಬೇಕು. ಕೈಗೆ ಕೂರಿಸಿದ ಕೊಳವೆಯ ಸುತ್ತ ಕೆಂಪಾದರೆ, ನರ ಹಗ್ಗದಂತೆ ಗಟ್ಟಿಯಾದರೆ, ದಿನಗಳ ನಂತರ ತುರಿಕೆಯ ದದ್ದು ಎದ್ದರೆ ಅಥವಾ ನೀರಿನಂತೆ ಭೇದಿಯಾದರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಮಾಂಸಕ್ಕೆ ಕೊಡುವ ಚುಚ್ಚುಮದ್ದಿನ ನೋವನ್ನು ತಗ್ಗಿಸಲೂ ಉಪಾಯಗಳಿವೆ. ಶೀತಕದಿಂದ ತೆಗೆದ ಮದ್ದಿನ ತಂಪು ಆರುವವರೆಗೆ ಕಾಯುವುದು, ಒರೆಸಿದ ಸ್ಪಿರಿಟ್ ಒಣಗಲು ಬಿಡುವುದು, ಚುಚ್ಚುವ ಜಾಗವನ್ನು ಹತ್ತು ಸೆಕೆಂಡು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು, ಮದ್ದನ್ನು ಎರಡು ಮೂರು ನಿಮಿಷ ನಿಧಾನವಾಗಿ ಇಳಿಸುವುದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬದಲಿಸುವುದು. ಕೆಲವು ಮದ್ದುಗಳೊಡನೆ ನೋವು ಮರೆಸುವ ಲಿಗ್ನೊಕೇನ್ ಬೆರೆಸಬಹುದೇ ಎಂದು ವೈದ್ಯರನ್ನು ಕೇಳಬಹುದು. ಅದನ್ನು ನಿರ್ಧರಿಸುವವರು ಅವರೇ. ಬೋರಲು ಮಲಗಿ ಕಾಲ್ಬೆರಳುಗಳನ್ನು ಒಳಮುಖ ಮಾಡಿದರೆ ಸ್ನಾಯು ಸಡಿಲವಾಗುತ್ತದೆ. ಮಗುವಿಗೆ "ನೋವೇ ಆಗುವುದಿಲ್ಲ" ಎಂದು ಸುಳ್ಳು ಹೇಳಬೇಡಿ; ಮುಂದಿನ ಸಲ ನಂಬುವುದಿಲ್ಲ. "ಸ್ವಲ್ಪ ನೋಯುತ್ತದೆ, ನಾನು ಕೈ ಹಿಡಿದಿರುತ್ತೇನೆ" ಎನ್ನಿ. ಆಮೇಲೆ ಸ್ವಲ್ಪ ನಡೆದಾಡಿಸಿ.

ಮತ್ತೊಂದು ತಪ್ಪೂ ಉಂಟು. ನೋವು ಬಂದಷ್ಟೂ ಮದ್ದು ಹಿಡಿಯುತ್ತಿದೆ ಎಂದು ತಿಳಿದು, ವಾರಗಟ್ಟಲೆ ಯಾತನೆಯನ್ನು ತಪಸ್ಸಿನಂತೆ ಸಹಿಸುವವರಿದ್ದಾರೆ. ವಾರಗಳು ಕಳೆದರೂ ನಿಲ್ಲದ ಜ್ವರಕ್ಕೆ ಬೇರೆ ಕಾರಣ ಹುಡುಕಬೇಕು. ಲೈಮ್ ರೋಗದ ನಂತರ ಉಳಿಯುವ ಆಯಾಸ, ಮೈನೋವುಗಳು ನಿಜವಾದವೇ. ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಜೀವಿರೋಧಕ ಮುಂದುವರಿಸಿದರೆ ಲಾಭವಿಲ್ಲವೆಂದು 2016ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ದೇಶದ ಅಧ್ಯಯನವು ತೋರಿಸಿತು. ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳುವುದು, ಹೇಳಿದ ದಿನ ನಿಲ್ಲಿಸುವುದು, ಇವೆರಡೂ ಚಿಕಿತ್ಸೆಯೇ.

ರೋಗ ಆರಂಭದಲ್ಲಿಯೇ ತಿಳಿದರೆ ಸಾಮಾನ್ಯವಾಗಿ ಚುಚ್ಚುಮದ್ದೇ ಬೇಕಾಗದು. ಡಾಕ್ಸಿಸೈಕ್ಲಿನ್ ಮಾತ್ರೆಗಳೇ ಸಾಕಾಗುತ್ತವೆ. ಆದುದರಿಂದ ತೋಟದಿಂದ ಬಂದೊಡನೆ ಸ್ನಾನ ಮಾಡಿ ತೊಡೆಸಂದು, ಕಂಕುಳು, ಕಿವಿಯ ಹಿಂಭಾಗಗಳನ್ನು ನೋಡಿಕೊಳ್ಳಿ. ಉಣ್ಣೆ ಕಚ್ಚಿದ್ದರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿಗಳ ಪ್ರಯೋಗ ಬೇಡ. ಸಣ್ಣ ಚಿಮುಟದಿಂದ ಚರ್ಮದ ಮಟ್ಟದಲ್ಲಿ ಹಿಡಿದು ನೇರವಾಗಿ ಎಳೆಯಿರಿ, ಸೋಪಿನಿಂದ ತೊಳೆಯಿರಿ. ಮುಂದಿನ ವಾರಗಳಲ್ಲಿ ಅಗಲವಾಗುವ ಕೆಂಪು ಕಲೆಯೋ ಜ್ವರವೋ ಕಂಡರೆ ಉಣ್ಣೆ ಕಚ್ಚಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ನಮ್ಮ ಪರಿಚಿತರು 21 ದಿನ ಪೂರೈಸಿ ಮನೆಗೆ ಮರಳಿದರು. ಮುಖದ ವಕ್ರತೆ ಮೆಲ್ಲಮೆಲ್ಲನೆ ಸರಿಹೋಯಿತು. ಆ ಮೂರು ವಾರಗಳಲ್ಲಿ ಅವರ ಪತ್ನಿಗೆ ದೂರವಾಣಿಯಲ್ಲಿ ಧೈರ್ಯ ಹೇಳಿದವರು ನಾವಲ್ಲ. ಅಂದಿನ ಆ ಬಾಲಕಿ. ಈಗ ನಲವತ್ತು ದಾಟಿದ ಗೃಹಿಣಿಯಾದ ಆಕೆ ಇಂದಿಗೂ ಮೂರು ವಾರಕ್ಕೊಮ್ಮೆ ತಪ್ಪದೆ ಆಸ್ಪತ್ರೆಗೆ ಹೋಗುತ್ತಾಳೆ. ನಮ್ಮನ್ನು ಆಕೆ ಎಂದೂ ದೂರಲಿಲ್ಲ. ಇದನ್ನು ಬರೆಯಲೇ ಎಂದು ಕೇಳಿದಾಗ ಆಕೆ ಅಂದದ್ದು ಇಷ್ಟೇ: "ಬರೆಯಿರಿ, ಅಜ್ಜಾ. ಇನ್ನೊಂದು ಮನೆಯವರು ಬಿಡದಿರಲಿ."