ಮೊಟ್ಟೆಗಾಗಿ ಮೊದಲ ಸಲ ಕೋಳಿ ಸಾಕುವವರಿಗೆ



ಸಂಘದ ಸಾಲದಲ್ಲಿ ಕೋಳಿ ಸಾಕುತ್ತೇವೆ ಎಂದು ಬರುವವರು ಮೊದಲು ಕೇಳುವುದು "ಯಾವ ಜಾತಿ ಒಳ್ಳೇದು?" ಅಂತ. ನಾವು ತಿರುಗಿ ಕೇಳುತ್ತೇವೆ: ಹಗಲು ಮನೆಯಲ್ಲಿ ಯಾರಿರ್ತೀರಿ? ಕೋಳಿ ಹಿತ್ತಿಲಲ್ಲಿ ಮೇಯುತ್ತೋ, ಗೂಡಿನಲ್ಲೇ ಇರುತ್ತೋ? ಇದಕ್ಕೆ ಉತ್ತರ ಸಿಕ್ಕರೆ ಜಾತಿ ತಾನಾಗಿಯೇ ಗೊತ್ತಾಗುತ್ತದೆ.

ಫಾರ್ಮಿನ ಮೊಟ್ಟೆಕೋಳಿ ವರ್ಷಕ್ಕೆ 300ರ ಹತ್ತಿರ ಇಡುತ್ತದೆ, ನಿಜ. ಆದರೆ ಅದಕ್ಕೆ ದಿನಾ ಕೊಂಡು ತಂದ ಆಹಾರವೇ ಬೇಕು. ಹಿತ್ತಿಲಿಗೆ ಬಿಟ್ಟು ನುಚ್ಚು ಹಾಕಿದರೆ ಅಷ್ಟು ಇಡುವುದಿಲ್ಲ. ನಮ್ಮ ನಾಟಿ ಕೋಳಿ 50-60 ಇಟ್ಟರೆ ಹೆಚ್ಚು. ಆದರೆ ತಾನೇ ಮೇದು, ತಾನೇ ಕಾವಿಗೆ ಕೂತು, ಮರಿಯನ್ನೂ ಕಾಯುತ್ತದೆ. ಇವೆರಡರ ನಡುವಿನದು ಬೆಂಗಳೂರು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಮತ್ತು ಸ್ವರ್ಣಧಾರ. ಗಿರಿರಾಜ 130-150 ಮೊಟ್ಟೆ ಇಡುತ್ತದೆ. ಮೈ ಭಾರ, ಮಾಂಸಕ್ಕೂ ಒಳ್ಳೆಯದು. ಸ್ವರ್ಣಧಾರ 180ರ ಆಸುಪಾಸು. ಇದರ ಮೈ ಹಗುರ, ನಾಯಿ, ಮುಂಗುಸಿ ಕಂಡರೆ ಓಡಿ ತಪ್ಪಿಸಿಕೊಳ್ಳುತ್ತದೆ. ಮೊಟ್ಟೆಗೇ ಎಂದಾದರೆ ನಮ್ಮ ಮತ ಸ್ವರ್ಣಧಾರಕ್ಕೆ. ಇವೆಲ್ಲ ಒಳ್ಳೆ ಆರೈಕೆಯ ಲೆಕ್ಕ. ಸಂಜೆ ಒಂದು ಹಿಡಿ ಕಾಳೂ ಹಾಕದಿದ್ದರೆ ಇಷ್ಟು ಸಿಗದು.

ಒಂದು ವಿಷಯ ನೆನಪಿಡಿ. ಈ ಎರಡು ಜಾತಿಗಳೂ ಕಾವಿಗೆ ಕೂರುವುದು ಅಪರೂಪ. ಮರಿಯಲ್ಲಿ ತಾಯಿಯ ಗುಣ ಪೂರ್ತಿ ಬರುವುದೂ ಇಲ್ಲ. ಪ್ರತಿ ಸಲ ಹೊಸ ಮರಿ ತರಿಸಬೇಕು.

ಮರಿ ತರಿಸುವುದರಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ಒಂದು ಸಂಘಕ್ಕೆ ಜುಲೈ ತಿಂಗಳಲ್ಲಿ ಒಂದು ದಿನದ ಮರಿ ತರಿಸಿಕೊಟ್ಟೆವು. ಆ ಮಳೆಗೆ ಎರಡು ರಾತ್ರಿ ಕರೆಂಟ್ ಇಲ್ಲ. ಬಲ್ಬ್ ಆರಿತು, ಮರಿಗಳು ಚಳಿಗೆ ಮೂಲೆ ಸೇರಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸತ್ತವು. ಉಳಿದು ಬೆಳೆದವುಗಳಲ್ಲಿ ಅರ್ಧದಷ್ಟು ಹುಂಜ! "ಮೊಟ್ಟೆ ಬರುತ್ತೆ ಅಂದ್ರಿ, ಈಗ ಬರೀ ಕೂಗು ಬರ್ತಾ ಇದೆ" ಎಂದರು ಒಬ್ಬ ತಾಯಿ. ಸಾಲದ ಕಂತು ಮಾತ್ರ ಕಟ್ಟಲೇಬೇಕಿತ್ತು. ತಪ್ಪು ಅವರದಲ್ಲ, ಮೊದಲೇ ಲೆಕ್ಕ ಹೇಳಿಕೊಡದ ನಮ್ಮದು.

ಲೆಕ್ಕ ಇಷ್ಟೇ. ವರ್ಷಕ್ಕೆ 180 ಅಂದರೆ ಒಂದು ಹೇಂಟೆ ಎರಡು ದಿನಕ್ಕೊಂದು ಮೊಟ್ಟೆ ಇಟ್ಟಂತೆ. ದಿನಕ್ಕೆ 5 ಮೊಟ್ಟೆ ಬೇಕಾದರೆ 10 ಹೇಂಟೆ ಬೇಕು. ಇಂಥ ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಮಾಡದೇ ಮಾರುತ್ತಾರೆ. ಅರ್ಧ ಹುಂಜ ಎಂದುಕೊಳ್ಳಿ, ಒಂದೆರಡು ಸಾಯುವುದನ್ನೂ ಸೇರಿಸಿ. ಹಾಗಾಗಿ 25 ಮರಿ ಹೇಳಬೇಕು. ಹುಂಜಗಳನ್ನು ಮೂರು ನಾಲ್ಕು ತಿಂಗಳಿಗೆ ಮಾರಿದರೆ ಆಹಾರದ ಖರ್ಚಿಗೆ ಆಸರೆ. ಮೊಟ್ಟೆ ಶುರುವಾಗುವುದು ಐದೂವರೆ ಆರು ತಿಂಗಳಿಗೆ. ಅಲ್ಲಿಯವರೆಗೆ ಕಂತಿಗೆ ದುಡ್ಡು ಎಲ್ಲಿಂದ ಎಂದು ಸಾಲ ತೆಗೆಯುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಮರಿಗೆ ಮುಂಗಡವಾಗಿ ಹೆಸರು ಬರೆಸಬೇಕು. ಬೇಕಾದ ದಿನ ಹೋಗಿ ನಿಂತರೆ ಸಿಗುವುದಿಲ್ಲ. ಬೇರೆಲ್ಲಾದರೂ ತಗೊಂಡರೆ ಮ್ಯಾರೆಕ್ಸ್ ಲಸಿಕೆ ಹಾಕಿದ್ದಾರೆಯೇ ಎಂದು ಕೇಳಿ, ಬಿಲ್ಲು ಪಡೆಯಿರಿ. ಮಲೆನಾಡಿನವರು ಮಳೆ ಕಳೆದ ಮೇಲೆ ತರಿಸುವುದೇ ಮೇಲು.

ಮೊದಲ ಸಲದವರಿಗೆ ನಮ್ಮ ಸಲಹೆ: ಒಂದು ದಿನದ ಮರಿ ಬೇಡ, ನಾಲ್ಕೈದು ವಾರದ ಮರಿ ಕೊಳ್ಳಿ. ಬೆಲೆ ಜಾಸ್ತಿ, ಆದರೆ ಕಾವು ಕೊಡುವ ಕೆಲಸ ಬಹುಪಾಲು ಮುಗಿದಿರುತ್ತದೆ. ಜುಟ್ಟು ನೋಡಿ ಹುಂಜ ಯಾವುದೆಂದು ಅಂದಾಜೂ ಮಾಡಬಹುದು. ಯಾವ ಯಾವ ಲಸಿಕೆ ಆಗಿದೆ ಎಂದು ಬರೆಸಿಕೊಳ್ಳಿ.

ಇಲ್ಲ, ಒಂದು ದಿನದ್ದೇ ಬೇಕು ಅಂದರೆ ಮರಿ ಬರುವ ಹಿಂದಿನ ದಿನವೇ ಭತ್ತದ ಹೊಟ್ಟು ಹರಡಿ, ಮೇಲೆ ಪೇಪರ್ ಹಾಸಿ, ಮೂಲೆಯಿಲ್ಲದ ಹಾಗೆ ತಗಡನ್ನು ದುಂಡಗೆ ಕಟ್ಟಿ. ಬಲ್ಬ್ ಜೊತೆಗೆ ಒಂದು ಮಡಕೆ ಕೆಂಡಕ್ಕೂ ವ್ಯವಸ್ಥೆ ಇರಲಿ. ಕೆಂಡ ಇಟ್ಟಾಗ ಗಾಳಿ ಆಡಬೇಕು. ಮರಿ ಬಲ್ಬಿನಡಿ ಗುಂಪುಗಟ್ಟಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಕೊಕ್ಕರೆ ರೋಗದ ಲಸೋಟ ಹನಿ ಮೊದಲ ವಾರದಲ್ಲೇ ಆಗಬೇಕು. ಅದರ ಬಾಟಲಿ ನೂರಾರು ಮರಿಗೆ ಆಗುವಷ್ಟು ಇರುತ್ತದೆ, ಒಡೆದ ಮೇಲೆ ನಾಳೆಗೆ ಇಡಲಾಗದು. ಆದ್ದರಿಂದ ಅಕ್ಕಪಕ್ಕದ ನಾಲ್ಕೈದು ಮನೆಯವರು ಒಂದೇ ದಿನ ಮರಿ ತರಿಸಿದರೆ ಒಂದೇ ಬಾಟಲಿಯಲ್ಲಿ ಎಲ್ಲರದೂ ಆಗುತ್ತದೆ.