ಹಿಂದಕ್ಕೆ ಹರಿಯುವ ಹೊಳೆಯಲ್ಲಿ ಗಾಳ

ನದಿಯೊಂದು ದಿನಕ್ಕೆ ಎರಡು ಬಾರಿ
ಹಿಂದಕ್ಕೆ ಹರಿಯುವುದನ್ನು ತಾವು ಕಂಡಿರುವಿರಾ?

ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಏರಿಯ ಮೇಲೆ ಕುಳಿತು,
ನಿಶ್ಚಲ ಜಲಕ್ಕೆ ಗಾಳವಿಳಿಸಿ ಅಭ್ಯಾಸವಾದವರು,
ಕುಮಟೆಯ ಅಘನಾಶಿನಿ ಅಳಿವೆಗೆ ಹೋದಾಗ
ಎಲ್ಲಕ್ಕಿಂತ ಮೊದಲು ನೀರಿನ ಗತಿಯನ್ನು ಅರಿಯತಕ್ಕದ್ದು.

ಅಲ್ಲಿ ಸಮುದ್ರವು ಸುಮಾರು 6 ಗಂಟೆಗಳ ಕಾಲ
ಉಬ್ಬರವಾಗಿ ಒಳನುಗ್ಗಿ,
ಹೆಚ್ಚುಕಡಿಮೆ ಅಷ್ಟೇ ಹೊತ್ತು ಇಳಿತವಾಗಿ ಹೊರಸರಿಯುತ್ತದೆ;
ಈ ವೇಳೆಯು ದಿನದಿನಕ್ಕೆ 50 ನಿಮಿಷದಷ್ಟು ತಡವಾಗುವುದರಿಂದ
ನಿನ್ನೆಯ ಲೆಕ್ಕ ಇಂದಿಗೆ ಸಲ್ಲದು.

ಉಬ್ಬರದೊಡನೆ ಕಾಂಡ್ಲಾವನದ ಬೇರುಗಳ ನಡುವೆ ಮೇಯಹೋದ
ಸಿಗಡಿಗಳೂ ಮರಿಮೀನುಗಳೂ,
ನೀರು ಇಳಿಯತೊಡಗಿದೊಡನೆ
ಕಿರುಗಾಲುವೆಗಳ ಬಾಯಿಂದ ಹೊರಬೀಳುವಾಗ,
ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ
ರೇಷ್ಮೆಗೂಡು ಬರುವುದನ್ನೇ ಕಾದುನಿಂತ ರೀಲರ್‌ಗಳಂತೆ,
ಕೆಂಬೇರಿ ಮೀನು ಆ ಬಾಯಲ್ಲೇ ಕಾದಿರುತ್ತದೆ.

ಗಾಳ ಬೀಳಬೇಕಾದುದು ಅಲ್ಲಿ,
ಇಳಿತ ಆರಂಭವಾದ ಹೊತ್ತಿನಲ್ಲಿ.
ಜೀವಂತ ಸಿಗಡಿಯನ್ನು ಬಾಲದ ಬಳಿ ಚುಚ್ಚಿ,
ಸೀಸದ ಗುಂಡನ್ನು ಹಗುರವಾಗಿರಿಸಿ,
ಪ್ರವಾಹವೇ ಅದನ್ನು ಒಯ್ಯಲು ಬಿಡಿರಿ;
ದಾರವನ್ನು ಬೆರಳ ತುದಿಯಲ್ಲಿ ಹಿಡಿದರೆ
ಮೊದಲ ಸೆಳೆತ ಅಲ್ಲಿಯೇ ತಿಳಿಯುತ್ತದೆ.
ಕಾಣೆ ಮೀನಿಗಾದರೆ ಮರಳಿನ ತಳ, ಸಣ್ಣ ಗಾಳ, ಅಷ್ಟು ಸಾಕು.

ಆದರೆ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ
ನೀರಿನ ಸೆಳೆತ ಅತಿ ಪ್ರಬಲವಾಗಿರುವುದರಿಂದ,
ಕೆರೆಯಲ್ಲಿ ಈಜು ಕಲಿತ ನಾವು
ದಡದಲ್ಲಿಯೇ ನಿಂತು ಗಾಳ ಎಸೆಯತಕ್ಕದ್ದು;
ಎಲ್ಲಿ ನಿಲ್ಲಬಹುದೆಂಬುದನ್ನು
ಅಲ್ಲಿಯ ಮೀನುಗಾರರನ್ನು ಕೇಳಿಯೇ ನಿಶ್ಚಯಿಸಿರಿ.